ಒಂದು ವರ್ಷ ಇಟ್ಟರೆ ಬಿಯರ್‌ಗೆ ಬಾಡಿ ಬರುತ್ತಾ?

ಮನೆಯಲ್ಲಿ ಬಿಯರ್ ಮಾಡುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: "ತೆಳ್ಳಗಿದೆಯಾ? ಸುಮ್ನೆ ಒಂದು ವರ್ಷ ಇಟ್ಟುಬಿಡು, ಬಾಡಿ ಬರುತ್ತೆ." ಬಾಡಿ ಅಂದರೆ ಬಿಯರ್ ನಾಲಿಗೆಗೆ ಎಷ್ಟು ದಪ್ಪ ಅನ್ನಿಸುತ್ತದೆ ಅನ್ನುವುದು. ನಾನು ಇದನ್ನು ಒಪ್ಪುವುದಿಲ್ಲ. ವರ್ಷ ಕಳೆದರೆ ರುಚಿ ಖಂಡಿತ ಬದಲಾಗುತ್ತದೆ. ಬಾಡಿ ಮಾತ್ರ ಮಾಡಿದ ದಿನವೇ ತೀರ್ಮಾನವಾಗಿರುತ್ತದೆ.

ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. 1978ರ ಫೆಡರಲ್ ಕಾನೂನು ಬಂದ ಮೇಲೆ ಇಲ್ಲಿ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. (ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ಊರಲ್ಲಿರುವವರು ದಯವಿಟ್ಟು ಗಮನಿಸಿ.) ನಮ್ಮ ಬೇಸ್‌ಮೆಂಟ್ ಕತ್ತಲು, ತಂಪು. ಚಳಿಗಾಲದಲ್ಲಿ 12-13 ಡಿಗ್ರಿ ಇರುತ್ತದೆ. ಇಟ್ಟು ಕುಡಿಯುವ ಬಿಯರ್‌ಗೆ ಇದಕ್ಕಿಂತ ಒಳ್ಳೆ ಜಾಗ ಬೇಡ.

ನಾನು ಹೀಗೆ ಇಡುವುದು ಇಂಪೀರಿಯಲ್ ಸ್ಟೌಟ್, ಅಂದರೆ ಆಲ್ಕೋಹಾಲ್ ಜಾಸ್ತಿ ಇರುವ ಕಪ್ಪು ಬಿಯರ್. ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 68-69 ಡಿಗ್ರಿ ಬಿಸಿನೀರಲ್ಲಿ ನೆನೆಸುತ್ತೇನೆ. 65ರ ಹತ್ತಿರ ನೆನೆಸಿದರೆ ಪಿಷ್ಟದ ಹೆಚ್ಚು ಪಾಲು ಯೀಸ್ಟ್ ತಿನ್ನುವ ಸಕ್ಕರೆಯಾಗಿ ಬಿಯರ್ ತೆಳ್ಳಗಾಗುತ್ತದೆ. 68 ದಾಟಿದರೆ ಯೀಸ್ಟ್‌ಗೆ ಜಗ್ಗದ ಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ತುಣುಕು ಜಾಸ್ತಿ ಉಳಿಯುತ್ತದೆ. ನಾಲಿಗೆಗೆ ದಪ್ಪ ಅನ್ನಿಸುವುದರಲ್ಲಿ ದೊಡ್ಡ ಪಾಲು ಇದರದ್ದೇ. ಶುರುವಿನ ಗ್ರಾವಿಟಿ (ನೀರನ್ನು 1 ಅಂದುಕೊಂಡರೆ ಬಿಯರಿನ ಸಾಂದ್ರತೆ) 1.095, ಹುದುಗಿ ಮುಗಿದಾಗ 1.026, ಆಲ್ಕೋಹಾಲ್ ಹತ್ತಿರಹತ್ತಿರ ಶೇ. 9.

ಬಾಟಲಿಗೆ ತುಂಬಿ ಒಂದು ತಿಂಗಳಿಗೆ ತೆಗೆದರೆ ಮುಖ ಕಿವುಚುವ ಹಾಗಿರುತ್ತದೆ. ಹುರಿದ ಬಾರ್ಲಿಯ ಸುಟ್ಟ ಕಹಿ, ಅದರ ಮೇಲೆ ಹಾಪ್ಸ್ ಹೂವಿನ ಕಹಿ, ನುಂಗಿದರೆ ಗಂಟಲಲ್ಲಿ ಆಲ್ಕೋಹಾಲ್ ಉರಿ. ಆರು ತಿಂಗಳಿಗೆ ಉರಿ ತಗ್ಗುತ್ತದೆ. ವರ್ಷದ ಹೊತ್ತಿಗೆ ಖರ್ಜೂರ, ಒಣದ್ರಾಕ್ಷಿ, ಕಪ್ಪು ಬೆಲ್ಲದ ಪಾಕದ ವಾಸನೆ ಏಳುತ್ತದೆ. ಆ ವಾಸನೆಗಾಗಿಯೇ ನಾನು ಕಾಯುವುದು.

ಕುಡಿದವರೆಲ್ಲ "ಈಗ ದಪ್ಪ ಆಗಿದೆ" ಅನ್ನುತ್ತಾರೆ. ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಅಳೆದು ನೋಡಿದೆ. ಒಂದು ಬಾಟಲಿಯನ್ನು ಲೋಟದಿಂದ ಲೋಟಕ್ಕೆ ಸುರಿದು ಗ್ಯಾಸ್ ಪೂರ್ತಿ ಬಿಡಿಸಿ (ಇಲ್ಲದಿದ್ದರೆ ಗುಳ್ಳೆಗಳು ಗ್ರಾವಿಟಿ ಅಳೆಯುವ ಹೈಡ್ರೋಮೀಟರನ್ನು ಮೇಲೆತ್ತಿ ತಪ್ಪು ಲೆಕ್ಕ ಕೊಡುತ್ತವೆ) ಹೈಡ್ರೋಮೀಟರ್ ತೇಲಿಬಿಟ್ಟರೆ ಅದೇ 1.026. ಒಂದು ಪಾಯಿಂಟೂ ಏರಿಲ್ಲ. ಹಾಗಾದರೆ ದಪ್ಪ ಅನ್ನಿಸುವುದು ಯಾಕೆ? ಹಾಪ್ಸ್ ಕಹಿ ಕೊಡುವ ಐಸೋ ಆಲ್ಫಾ ಆಮ್ಲಗಳು ಕಾಲ ಕಳೆದಂತೆ ಒಡೆಯುತ್ತವೆ, ಒಗರು ಕೊಡುವ ಪಾಲಿಫಿನಾಲ್‌ಗಳು ಪ್ರೋಟೀನ್ ಜೊತೆ ಸೇರಿ ತಳಕ್ಕಿಳಿಯುತ್ತವೆ, ಆಗ ಮೊದಲಿಂದಲೂ ಒಳಗಿದ್ದ ಸಿಹಿ ಮುಂದೆ ಬರುತ್ತದೆ, ನಾಲಿಗೆ ಅದನ್ನೇ ದಪ್ಪ ಅಂದುಕೊಳ್ಳುತ್ತದೆ. ಗ್ರಾವಿಟಿ ಇಳಿದಿದ್ದು ಕಂಡರೆ ಮಾತ್ರ ಹುಷಾರು. ಕಾಡು ಯೀಸ್ಟ್ ಸೇರಿಕೊಂಡು ಡೆಕ್ಸ್‌ಟ್ರಿನ್ ತಿನ್ನುತ್ತಿರಬಹುದು, ಬಾಟಲಿ ಸಿಡಿಯಲೂಬಹುದು.

ನೊರೆಯ ಕಥೆ ಉಲ್ಟಾ. ಹೊಸ ಬಾಟಲಿ ಸುರಿದರೆ ಕಂದು ನೊರೆ ಒತ್ತೊತ್ತಾಗಿ ನಿಂತು, ಕುಡಿದಂತೆಲ್ಲ ಲೋಟದ ಗೋಡೆಗೆ ಬಳೆ ಬಳೆಯಾಗಿ ಅಂಟುತ್ತದೆ. ಹಳೆಯದರಲ್ಲಿ ದೊಡ್ಡ ದೊಡ್ಡ ಗುಳ್ಳೆ ಎದ್ದು ಬೇಗ ಕರಗಿ, ಅಂಚಿನಲ್ಲಿ ತೆಳು ಗೆರೆ ಉಳಿಯುತ್ತದೆ. ಯೀಸ್ಟ್ ಬಿಡುವ ಒಂದು ಕಿಣ್ವ ನೊರೆ ಹಿಡಿದಿಡುವ ಪ್ರೋಟೀನನ್ನು ನಿಧಾನಕ್ಕೆ ಕತ್ತರಿಸುತ್ತಾ ಹೋಗುತ್ತದೆ.

ಎಲ್ಲ ಬಿಯರನ್ನೂ ಹೀಗೆ ಇಡಬೇಡಿ. ಹಾಪ್ಸ್ ಜಾಸ್ತಿ ಹಾಕಿ ಮಾಡುವ ಐಪಿಎ ಬಿಯರನ್ನು ಎರಡು ತಿಂಗಳೊಳಗೆ ಮುಗಿಸಿ, ಅದರ ಜೀವ ಇರುವುದೇ ಹಾಪ್ಸ್ ಪರಿಮಳದಲ್ಲಿ ಅಲ್ವಾ? ಗೋಧಿ ಬಿಯರ್ ಕೂಡ ತಾಜಾ ಇದ್ದಾಗಲೇ ಚೆಂದ. ಸ್ಟೌಟನ್ನೂ ತೀರಾ ಹೆಚ್ಚು ವರ್ಷ ಇಟ್ಟರೆ, ಸತ್ತ ಯೀಸ್ಟ್ ಕರಗಿ ಸೋಯಾ ಸಾಸ್ ಥರದ ರುಚಿ ಬರಬಹುದು.

ಕೆಡಿಸುವುದರಲ್ಲಿ ಆಮ್ಲಜನಕವೇ ಮೊದಲು, ನೆನೆದ ರಟ್ಟಿನ ರುಚಿ ಬರುವುದು ಅದರಿಂದಲೇ. ಹಾಗಾಗಿ ಪೈಪನ್ನು ಬಾಟಲಿಯ ತಳಕ್ಕೆ ತಾಗಿಸಿ ತುಂಬುತ್ತೇನೆ. ಮುಚ್ಚಳ ಆಮ್ಲಜನಕ ಹೀರುವ ಜಾತಿಯದು. ಬಾಟಲಿಯೊಳಗೆ ಗ್ಯಾಸ್ ಹುಟ್ಟಲು 19 ಲೀಟರ್‌ಗೆ ಸಕ್ಕರೆ 80 ಗ್ರಾಂ ಸಾಕು, ಸ್ಟೌಟ್‌ಗೆ ಗ್ಯಾಸ್ ಜಾಸ್ತಿ ಬೇಡ. ಜೊತೆಗೆ ಚೂರು ಹೊಸ ಯೀಸ್ಟ್ ಹಾಕುತ್ತೇನೆ, ಶೇ. 9 ಆಲ್ಕೋಹಾಲಲ್ಲಿ ಹಳೆಯದು ಸುಸ್ತಾಗಿರುತ್ತದೆ. ಕಂದು ಗಾಜಿನ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿಡಿ, ಮಲಗಿಸಬೇಡಿ.

ಕುಡಿಯುವಾಗ ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿಯಬೇಡಿ. 4 ಡಿಗ್ರಿಯಲ್ಲಿ ಇದೇ ಸ್ಟೌಟ್ ಸಪ್ಪೆ, ತೆಳು ಅನ್ನಿಸುತ್ತದೆ. ಅರ್ಧ ಗಂಟೆ ಹೊರಗಿಟ್ಟು, 12 ಡಿಗ್ರಿಗೆ ಬಂದ ಮೇಲೆ ಕುಡಿದು ನೋಡಿ.