ಕಾರ್ಟ್‌ನಲ್ಲೇ ಉಳಿಯುವ ಸೀರೆ: ಆನ್‌ಲೈನ್ ಅಂಗಡಿಯ ಗ್ರಾಹಕರು ಹಣ ಕಟ್ಟುವ ಮುನ್ನ ಹಿಂದೆ ಸರಿಯದಂತೆ ಮಾಡುವುದು ಹೇಗೆ?

ಸ್ವಂತ ವೆಬ್‌ಸೈಟ್ ತೆರೆದು ವ್ಯಾಪಾರ ಮಾಡುವವರನ್ನು ಸದಾ ಕಾಡುವ ಪ್ರಶ್ನೆಯೆಂದರೆ, ಗ್ರಾಹಕರು ವಸ್ತುವನ್ನು ಮೆಚ್ಚಿ, ಕಾರ್ಟ್‌ಗೆ ಹಾಕಿ, ಕೊಳ್ಳದೆ ಹೊರಟುಹೋಗುವುದೇಕೆ ಎಂಬುದು. ಆನ್‌ಲೈನ್ ಖರೀದಿಯ ಅಧ್ಯಯನಕ್ಕೆ ಹೆಸರಾದ ಡೆನ್ಮಾರ್ಕ್‌ನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಹಲವು ಸಮೀಕ್ಷೆಗಳ ಅಂಕಿಗಳನ್ನು ಒಟ್ಟುಗೂಡಿಸಿ ಹೇಳುವಂತೆ, ಹೀಗೆ ಅರ್ಧಕ್ಕೇ ಬಿಟ್ಟುಹೋಗುವ ಕಾರ್ಟ್‌ಗಳ ಪ್ರಮಾಣ ಸರಾಸರಿ ಶೇ 70ರಷ್ಟಿದೆ. ಇವರಲ್ಲಿ ಸುಮ್ಮನೆ ನೋಡಲು ಬಂದವರು, ಬೆಲೆ ಹೋಲಿಸುತ್ತಿರುವವರು, ಸಂಬಳ ಬರಲೆಂದು ಕಾಯುತ್ತಿರುವವರು ಇದ್ದೇ ಇರುತ್ತಾರೆ. ಅವರನ್ನು ಬಲವಂತವಾಗಿ ಹಿಡಿದು ನಿಲ್ಲಿಸಲಾಗದು, ನಿಲ್ಲಿಸಲೂಬಾರದು. ಆದರೆ ಕೊಳ್ಳಬೇಕೆಂದೇ ಬಂದವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರೆ, ಅವರಿಗೆ ಮೊದಲೇ ಹೇಳಬೇಕಾಗಿದ್ದ ಯಾವುದೋ ವಿಷಯವನ್ನು ಅಂಗಡಿ ತಡವಾಗಿ ಹೇಳಿದೆ ಎಂದೇ ಬಹುತೇಕ ಸಂದರ್ಭಗಳಲ್ಲಿ ಅರ್ಥ. ಇಳಕಲ್ ಸೀರೆ ಮಾರುವ ಒಂದು ಪುಟ್ಟ ಆನ್‌ಲೈನ್ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಮಾಡಬೇಕಾದದ್ದು, ಗ್ರಾಹಕರು ಎಲ್ಲಿ ಬಿಟ್ಟುಹೋಗುತ್ತಿದ್ದಾರೆ ಎಂಬುದನ್ನು ಕಂಡುಕೊಳ್ಳುವ ಕೆಲಸ. ಗೂಗಲ್ ಅನಲಿಟಿಕ್ಸ್‌ನಂಥ ಉಚಿತ ಸಾಧನದಲ್ಲಿ ಕಾರ್ಟ್‌ಗೆ ಸೇರಿಸಿದ್ದು, ಚೆಕ್‌ಔಟ್ (ವಿವರ ತುಂಬಿ ಹಣ ಕಟ್ಟುವ ಪ್ರಕ್ರಿಯೆ) ಆರಂಭಿಸಿದ್ದು, ಡೆಲಿವರಿ ವಿವರ ತುಂಬಿದ್ದು, ಪಾವತಿಯ ವಿಧಾನ ಆರಿಸಿದ್ದು, ಖರೀದಿ ಮುಗಿಸಿದ್ದು ಎಂದು ಪ್ರತಿ ಹಂತವನ್ನೂ ಬೇರೆ ಬೇರೆಯಾಗಿ ಎಣಿಸಬಹುದು. ಅಂಕಿಗಳನ್ನು ಮೊಬೈಲ್‌ಗೂ ಕಂಪ್ಯೂಟರ್‌ಗೂ ಪ್ರತ್ಯೇಕವಾಗಿ ತೆಗೆಯಿರಿ. ಡೆಲಿವರಿ ಶುಲ್ಕ ಕಾಣಿಸಿದ ಪುಟದಲ್ಲೇ ಹೆಚ್ಚಿನವರು ಹೊರಟುಹೋಗುತ್ತಿದ್ದರೆ ತೊಂದರೆ ಬೆಲೆಯದು. ಪಾವತಿಯ ಪುಟದಲ್ಲಿ ಹೋಗುತ್ತಿದ್ದರೆ ಅದು ನಂಬಿಕೆಯದೋ ತಾಂತ್ರಿಕ ದೋಷದ್ದೋ ಆಗಿರುತ್ತದೆ. ಈ ವ್ಯತ್ಯಾಸ ತಿಳಿಯದೆ ರಿಯಾಯಿತಿ ಘೋಷಿಸುವುದು ವ್ಯರ್ಥ ಖರ್ಚು.

ಪೂರ್ತಿ ಬೆಲೆ ಮೊದಲೇ ಕಾಣಲಿ

ಸೀರೆಯ ಪುಟದಲ್ಲಿ ₹1,450 ಎಂದು ನೋಡಿದ ಗ್ರಾಹಕಿ ಮನಸ್ಸಿನಲ್ಲಿ ಆ ಮೊತ್ತಕ್ಕೇ ಒಪ್ಪಿಕೊಂಡಿರುತ್ತಾರೆ. ಹೆಸರು, ಫೋನ್ ನಂಬರ್, ವಿಳಾಸವನ್ನೆಲ್ಲ ತುಂಬಿದ ಮೇಲೆ ಡೆಲಿವರಿಗೆ ₹120, ಕ್ಯಾಶ್ ಆನ್ ಡೆಲಿವರಿಗೆ ಇನ್ನೂ ₹50 ಎಂದು ತೋರಿಸಿದರೆ, ₹170ಕ್ಕಿಂತ ಹೆಚ್ಚಾಗಿ ಅವರನ್ನು ನೋಯಿಸುವುದು ಅದನ್ನು ಮರೆಮಾಡಿದ್ದರು ಎಂಬ ಭಾವನೆ. ಆದ್ದರಿಂದ ಸೀರೆಯ ಚಿತ್ರದ ಕೆಳಗೇ ಪಿನ್‌ಕೋಡ್ ಹಾಕುವ ಒಂದು ಪೆಟ್ಟಿಗೆ ಇಡಿ. ಆರು ಅಂಕಿ ಒತ್ತಿದ ಕೂಡಲೇ ಡೆಲಿವರಿ ಶುಲ್ಕವೆಷ್ಟು, ಯಾವ ದಿನಕ್ಕೆ ತಲುಪುತ್ತದೆ, ಕ್ಯಾಶ್ ಆನ್ ಡೆಲಿವರಿ ಇದೆಯೇ ಎಂಬ ಮೂರೂ ಉತ್ತರಗಳು ಬರಲಿ. ಖಾಸಗಿ ಕೊರಿಯರ್ ಹೋಗದ ಹಳ್ಳಿಯಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇವೆ ಎಂದು ಅಲ್ಲಿಯೇ ಹೇಳಿ. ಸಾಧ್ಯವಿದ್ದರೆ ಶುಲ್ಕವನ್ನು ಬೆಲೆಯಲ್ಲೇ ಸೇರಿಸಿ ‘ಡೆಲಿವರಿ ಸೇರಿ ₹1,570’ ಎಂದು ಬರೆಯುವುದು ಇನ್ನೂ ಉತ್ತಮ.

ಇದು ಸೌಜನ್ಯದ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ಒಟ್ಟು ಬೆಲೆಯನ್ನು ಅದರ ವಿವರಗಳೊಂದಿಗೆ ತೋರಿಸಬೇಕು ಎಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿವೆ. ಬೆಲೆಯನ್ನು ತುಣುಕು ತುಣುಕಾಗಿ ಹೊರಗೆಡಹುವುದು, ಕೇಳದೆಯೇ ಗಿಫ್ಟ್ ಪ್ಯಾಕಿಂಗ್ ಅಥವಾ ದೇಣಿಗೆಯನ್ನು ಕಾರ್ಟ್‌ಗೆ ಸೇರಿಸುವುದು, ‘ಇನ್ನು ಎರಡೇ ಸೀರೆ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲ ಆ ಪಟ್ಟಿಯಲ್ಲಿ ಸೇರುತ್ತವೆ. ಮಗ್ಗದ ಮೇಲಿನ ಸರಕು ನಿಜವಾಗಿಯೂ ಒಂದೇ ಇದ್ದರೆ ಹಾಗೆಂದು ಧಾರಾಳವಾಗಿ ಹೇಳಬಹುದು.

ವಸ್ತುವಿನ ಬಗ್ಗೆ ಉಳಿದ ಅನುಮಾನವೂ ಕಾರ್ಟ್‌ನ ಬಳಿಯೇ ಗ್ರಾಹಕರನ್ನು ತಡೆಯುತ್ತದೆ. ಅಂಗಡಿಗೆ ಹೋದವರು ಸೆರಗು ಬಿಡಿಸಿ, ದಡಿ ಮುಟ್ಟಿ ನೋಡುತ್ತಾರೆ. ಆನ್‌ಲೈನ್‌ನಲ್ಲಿ ಆ ಕೆಲಸವನ್ನು ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳು ಮಾಡಬೇಕು. ಸೀರೆಯ ಉದ್ದ ಎಷ್ಟು, ಕುಪ್ಪಸದ ಬಟ್ಟೆ ಇದೆಯೇ, ನೂಲು ಹತ್ತಿಯದೋ ರೇಷ್ಮೆಯದೋ, ಕೈಮಗ್ಗದ್ದೋ ಪವರ್‌ಲೂಮ್‌ನದೋ, ಬಣ್ಣ ಹಿಡಿಸದಿದ್ದರೆ ಎಷ್ಟು ದಿನದೊಳಗೆ ಹಿಂತಿರುಗಿಸಬಹುದು, ಆ ಕೊರಿಯರ್ ಖರ್ಚು ಯಾರದು ಎಂಬುದನ್ನು ಅದೇ ಪುಟದಲ್ಲಿ ಸರಳ ಕನ್ನಡದಲ್ಲಿ ಬರೆಯಿರಿ.

ಫಾರ್ಮ್ ಚಿಕ್ಕದಾಗಲಿ

ಖಾತೆ ತೆರೆಯದೆ ಕೊಳ್ಳಲು ಅವಕಾಶವಿರಲಿ. ಫೋನ್ ನಂಬರ್, ಹೆಸರು, ವಿಳಾಸ ಇಷ್ಟಿದ್ದರೆ ಪಾರ್ಸೆಲ್ ತಲುಪುತ್ತದೆ. ಪಾಸ್‌ವರ್ಡ್, ಹುಟ್ಟಿದ ದಿನಾಂಕಗಳ ಅಗತ್ಯವಿಲ್ಲ. ಪಿನ್‌ಕೋಡ್ ಹಾಕಿದ ಮೇಲೆ ಜಿಲ್ಲೆ, ರಾಜ್ಯಗಳು ತಾವಾಗಿಯೇ ತುಂಬಿಕೊಳ್ಳಬೇಕು, ಅಂಕಿ ಕೇಳುವ ಜಾಗದಲ್ಲಿ ಅಂಕಿಗಳ ಕೀಲಿಮಣೆಯೇ ತೆರೆದುಕೊಳ್ಳಬೇಕು. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಬೀದಿಯ ಹೆಸರೇ ಇರುವುದಿಲ್ಲ. ಅಲ್ಲಿನವರು ‘ಬಸವಣ್ಣನ ಗುಡಿ ಹಿಂದೆ, ಹಾಲಿನ ಡೇರಿ ಪಕ್ಕ’ ಎಂದೇ ವಿಳಾಸ ಹೇಳುವುದು. ಬೀದಿಯ ಹೆಸರು ಕಡ್ಡಾಯವೆಂದು ಕೆಂಪಕ್ಷರದಲ್ಲಿ ಹಟ ಹಿಡಿಯುವ ಫಾರ್ಮ್ ಅಂಥ ಗ್ರಾಹಕರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ. ಆದ್ದರಿಂದ ಗುರುತಿನ ಜಾಗ ಬರೆಯಲು ಒಂದು ಸಾಲು ಇಡಿ.

ಹಣ ಕಟ್ಟುವ ಹಂತ

ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಮೊಬೈಲ್‌ನಲ್ಲಿ ಯುಪಿಐ ಆರಿಸಿದವರಿಗೆ ಐಡಿ ಟೈಪ್ ಮಾಡಿಸದೆ, ಅವರ ಫೋನಿನಲ್ಲಿರುವ ಪಾವತಿ ಆ್ಯಪ್ ನೇರವಾಗಿ ತೆರೆದುಕೊಳ್ಳುವಂತಿರಬೇಕು. ಗ್ರಾಹಕಿ ಆ್ಯಪ್‌ಗೆ ಹೋಗಿ, ಪಿನ್ ಒತ್ತಿ, ಹಣ ಕಳಿಸಿ, ಅಷ್ಟರಲ್ಲಿ ಫೋನ್ ಕರೆ ಬಂದು ಬ್ರೌಸರ್‌ಗೆ ಮರಳದೇ ಹೋದರೆಂದು ಇಟ್ಟುಕೊಳ್ಳಿ. ಅಂಗಡಿಯ ತಂತ್ರಾಂಶ ಬ್ರೌಸರ್‌ನ ಉತ್ತರವನ್ನಷ್ಟೇ ನಂಬಿ ಕೂತಿದ್ದರೆ, ಖಾತೆಯಿಂದ ಹಣ ಹೋಗಿದ್ದರೂ ಆರ್ಡರ್ ದಾಖಲಾಗುವುದಿಲ್ಲ. ಅಂಗಡಿಯ ಪರವಾಗಿ ಆನ್‌ಲೈನ್ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇ ನೇರವಾಗಿ ಅಂಗಡಿಯ ಸರ್ವರ್‌ಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್ ಎಂಬ ವ್ಯವಸ್ಥೆಯನ್ನು ನಿಮ್ಮ ತಂತ್ರಜ್ಞರಿಂದ ತಪ್ಪದೆ ಜೋಡಿಸಿಕೊಳ್ಳಿ. ಉತ್ತರ ಬರುವ ತನಕ ಪರದೆಯ ಮೇಲೆ ‘ಪಾವತಿ ವಿಫಲವಾಗಿದೆ’ ಎನ್ನದೆ, ‘ಬ್ಯಾಂಕಿನ ಉತ್ತರಕ್ಕಾಗಿ ಕಾಯುತ್ತಿದ್ದೇವೆ, ದಯವಿಟ್ಟು ಮತ್ತೆ ಹಣ ಕಟ್ಟಬೇಡಿ’ ಎಂಬ ಸಂದೇಶವಿರಲಿ. ವ್ಯಾಪಾರಿಗೆ ದೃಢೀಕರಣ ತಲುಪದ ಯುಪಿಐ ಪಾವತಿಯ ಹಣ, ಪಾವತಿಯಾದ ದಿನದ ನಂತರ 5 ದಿನಗಳೊಳಗೆ ಗ್ರಾಹಕರ ಖಾತೆಗೆ ಮರಳಬೇಕೆಂದು ರಿಸರ್ವ್ ಬ್ಯಾಂಕ್ 2019ರ ಸುತ್ತೋಲೆಯಲ್ಲಿ ಹೇಳಿದೆ. ಆ ಮಾಹಿತಿಯನ್ನೂ ಅಲ್ಲೇ ಕೊಟ್ಟರೆ ಗಾಬರಿಗೊಂಡವರಿಗೆ ಧೈರ್ಯ ಬರುತ್ತದೆ.

ಪಾರ್ಸೆಲ್ ವಾಪಸ್ ಬರುವ ಭಯದಿಂದ ಕ್ಯಾಶ್ ಆನ್ ಡೆಲಿವರಿಯನ್ನು ಪೂರ್ತಿ ತೆಗೆದುಹಾಕುವುದು ಸರಿಯಲ್ಲ, ಏಕೆಂದರೆ ಹೆಸರು ಕೇಳಿರದ ಅಂಗಡಿಯಿಂದ ಮೊದಲ ಬಾರಿ ಕೊಳ್ಳುವವರಿಗೆ ಅದೊಂದೇ ಭರವಸೆ. ಆರ್ಡರ್ ಬಂದೊಡನೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ದುಬಾರಿ ಸೀರೆಗಳಿಗೆ ಸ್ವಲ್ಪ ಮುಂಗಡ ಕೇಳಿ.

ಇಷ್ಟೆಲ್ಲ ಆದ ಮೇಲೆ ನೆನಪೋಲೆಯ ಸರದಿ. ಒಪ್ಪಿಗೆ ಕೊಟ್ಟವರಿಗೆ ಮಾತ್ರ, ಕೆಲವು ಗಂಟೆಗಳ ನಂತರ ಒಂದು ವಾಟ್ಸ್‌ಆ್ಯಪ್ ಸಂದೇಶ, ಬೇಕಿದ್ದರೆ ಮರುದಿನ ಇನ್ನೊಂದು. ಅದಕ್ಕಿಂತ ಹೆಚ್ಚು ಬೇಡ. ಒಪ್ಪಿಗೆಯ ಪೆಟ್ಟಿಗೆಗೆ ನೀವೇ ಮೊದಲೇ ಟಿಕ್ ಹಾಕಿಡುವಂತಿಲ್ಲ. ಸಂದೇಶದಲ್ಲಿ ಅವರು ಆರಿಸಿದ ಸೀರೆಯ ಚಿತ್ರವೂ ಅದೇ ಕಾರ್ಟ್ ತೆರೆಯುವ ಲಿಂಕೂ ಇರಲಿ. ಪ್ರತಿ ಸಲವೂ ರಿಯಾಯಿತಿ ಕೂಪನ್ ಕಳಿಸಿದರೆ, ಕಾರ್ಟ್ ಬಿಟ್ಟುಹೋದರೆ ಬೆಲೆ ಇಳಿಯುತ್ತದೆ ಎಂಬ ಪಾಠವನ್ನು ಗ್ರಾಹಕರಿಗೆ ನೀವೇ ಕಲಿಸಿದಂತಾಗುತ್ತದೆ. ‘ಏನಾದರೂ ಕೇಳುವುದಿತ್ತೇ?’ ಎಂಬ ಪ್ರಶ್ನೆಗೆ ಬರುವ ಉತ್ತರಗಳು ಕೂಪನ್‌ಗಿಂತ ಹೆಚ್ಚು ಉಪಯುಕ್ತ.

ಬದಲಾವಣೆಗಳನ್ನು ಒಂದೊಂದಾಗಿ ಮಾಡಿ, ಪ್ರತಿಯೊಂದಕ್ಕೂ ಕನಿಷ್ಠ ಎರಡು ವಾರ ಕೊಟ್ಟು ಅಂಕಿಗಳನ್ನು ಹೋಲಿಸಿ. ಗೌರಿ ಹಬ್ಬ, ದೀಪಾವಳಿಯ ವಾರಗಳನ್ನು ಮಾಮೂಲಿ ವಾರಗಳೊಂದಿಗೆ ಹೋಲಿಸಬೇಡಿ. ಎಣಿಸುವಾಗ, ಬಂದ ಆರ್ಡರ್‌ಗಳನ್ನೆಲ್ಲ ಹಿಡಿಯದೆ, ಮನೆ ತಲುಪಿ ವಾಪಸಾಗದೆ ಉಳಿದ ಆರ್ಡರ್‌ಗಳನ್ನೇ ಲೆಕ್ಕಕ್ಕೆ ಹಿಡಿಯಿರಿ.