ಭಿತರ್ ಯೇ, ಪುತಾ

ಕಾಸರಗೋಡಿನ ಕುಂಬಳೆ–ಬದಿಯಡ್ಕ ದಾರಿಯಲ್ಲಿ ನಮ್ಮ ಮನೆ. ಹಿಂದಿನ ಗುಡ್ಡದಲ್ಲಿ ಕೆಂಪು ಕಲ್ಲಿನ ಕೋರೆ. ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಕೋರೆಯ ಹುಡುಗನೊಬ್ಬ ಗೇಟಿನ ಹತ್ತಿರ ಬಂದು ನಿಂತ. ಎಡಗಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಬಿಗಿದಿದ್ದ. ನಾನು 200 ರೂಪಾಯಿ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಕಿಸೆ ಮುಟ್ಟಿ, ದುಡ್ಡಿದೆ ಭಯ್ಯಾ ಅಂದ. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಕೇಳಿದ್ದು ಗೊತ್ತಾಗದೆ ವಾಪಸ್ ಬಂದಿದ್ದನಂತೆ. ಜೊತೆಗೆ ಬರ್ತೀರಾ ಅಂತ ಕೇಳಲು ಬಂದವನಿಗೆ ನಾನು ನೋಟು ತೋರಿಸಿದ್ದೆ.

ಜಗಲಿಯಿಂದ ಅಮ್ಮ ಕರೆದರು, "ಭಿತರ್ ಯೇ, ಪುತಾ." ಒಳಗೆ ಬಾ ಮಗಾ ಅಂತ. ಕೊಂಕಣಿ ಅವನಿಗೆ ಬಾರದು. ಆದರೂ ಬಂದ. ಬಿಸಿನೀರಲ್ಲಿ ಕಾಲು ತೊಳೆದಾಗ ಹೆಬ್ಬೆರಳಿನ ಸಂದಿಯಿಂದ ಕೆಂಪು ಪುಡಿ ಇಳಿಯಿತು. ಗಂಜಿ ಕುಡಿಯುತ್ತಾ, ಒಡಿಶಾದ ತನ್ನ ಮನೆಯಲ್ಲೂ ರಾತ್ರಿ ನೀರು ಹಾಕಿಟ್ಟ ಅನ್ನ ಉಣ್ಣುತ್ತೇವೆ ಅಂದ. ಆಮೇಲೆ ಆಸ್ಪತ್ರೆಗೆ ಹೋದೆವು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಎಷ್ಟೋ ಸಲ ಕೇಳಿದ್ದೆ. ಹಸಿದವನಿಗೆ, ಬಾಯಾರಿದವನಿಗೆ "ಕೊಟ್ಟಿರಿ" ಅಂತಿದೆ. ಪರದೇಶಿಯ ವಿಷಯಕ್ಕೆ ಬಂದಾಗ ಮಾತ್ರ "ಸೇರಿಸಿಕೊಂಡಿರಿ". ಆ ರಾತ್ರಿ ಅದು ಕಣ್ಣಿಗೆ ಬಿತ್ತು.

ನಾನು ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಸದಸ್ಯ; ಬಡವರಿಗೆ ನೆರವಾಗುವ ಕಥೋಲಿಕರ ಸಂಘ ಅದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝನಾಂ ಮತ್ತು ಗೆಳೆಯರು ಇದನ್ನು ಶುರು ಮಾಡಿದಾಗ ಓಝನಾಂಗೆ ಬರೀ 20 ವರ್ಷ. ಬಡವರ ಮನೆಗೆ ತಾವೇ ಹೋಗುವುದು ಅವರ ಕ್ರಮ. ನಾವೂ ಹಾಗೇ ಮಾಡಿದೆವು. ಭಾನುವಾರ ಪೂಜೆ ಮುಗಿಸಿ ಇಬ್ಬರು ಕೋರೆಯ ಶೆಡ್ಡಿಗೆ ಹೋಗುತ್ತೇವೆ. ಚಾಪೆ ಮೇಲೆ ಕೂರುತ್ತೇವೆ. ಹೆಸರು, ಊರು ಕೇಳುತ್ತೇವೆ, ಧರ್ಮ ಕೇಳುವುದಿಲ್ಲ. ಪ್ರಾರ್ಥನೆ ಪುಸ್ತಕ ಒಯ್ಯುವುದಿಲ್ಲ. ಪ್ರಾರ್ಥಿಸೋಣ ಅಂತ ನಾವು ಅಂದರೆ, ಕಷ್ಟದಲ್ಲಿರುವವನಿಗೆ ಬೇಡ ಅನ್ನಲು ಆಗುವುದಿಲ್ಲ, ಅಲ್ವಾ?

ಜಾಸ್ತಿ ಕೆಲಸ ಕಾಗದದ್ದೇ. ಹೊರರಾಜ್ಯದ ಕಾರ್ಮಿಕರಿಗೆ ಕೇರಳ ಸರ್ಕಾರದ 'ಆವಾಜ್' ವಿಮೆ ಇದೆ. ಸರ್ಕಾರ ಅವರನ್ನು ಕರೆಯುವುದು ಅತಿಥಿ ಕಾರ್ಮಿಕರು ಅಂತ. ಒಳ್ಳೆಯ ಹೆಸರು. ಆದರೆ ಅತಿಥಿಗೆ ಅರ್ಜಿ ಓದಿ ಹೇಳುವವರು ಬೇಕು. ನಾನು ಕನ್ನಡ ಶಾಲೆಯಲ್ಲಿ ಕಲಿತವನು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಲಯಾಳ ಫಾರಂ ಹಿಡಿದು ಕೌಂಟರಿನ ಮುಂದೆ ತಡವರಿಸಿದವರು ನಮ್ಮ ಮನೆಯಲ್ಲೇ ಇದ್ದಾರೆ. ಹಾಗಾಗಿ ಆ ಹುಡುಗರ ಮುಖ ನನಗೆ ಗೊತ್ತು.

"ಯಾರೋ ಏನೋ, ಮನೆಯೊಳಗೆ ಬಿಡ್ತೀರಲ್ಲ" ಅಂದವರೂ ಇದ್ದಾರೆ. ಭಯ ಸುಳ್ಳಲ್ಲ. ಅದಕ್ಕೇ ಒಬ್ಬರೇ ಹೋಗುವುದಿಲ್ಲ, ಯಾರ ಆಧಾರ್ ಕಾರ್ಡನ್ನೂ ನಮ್ಮ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ನಮ್ಮ ಹಿರಿಯರೂ ಗೋವಾ ಬಿಟ್ಟು ಬಂದವರೇ. ಕೆಳದಿ ಅರಸರು ಅಂಥವರಿಗೆ ಬೇಸಾಯಕ್ಕೆ ನೆಲ ಕೊಟ್ಟರು.

ಸೆಪ್ಟೆಂಬರ್ 8ಕ್ಕೆ, ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ, ಅಮ್ಮ ಬಾಳೆ ಎಲೆ ಎಣಿಸುತ್ತಿದ್ದರು. ಮನೆಮಂದಿಯೆಲ್ಲಾ ಒಟ್ಟಿಗೆ ಕೂತು ಹೊಸ ಅಕ್ಕಿ ಉಣ್ಣುವ ದಿನ ಅದು. ನಾವು ಆರು ಜನ. ಒಂಬತ್ತು ಎಲೆ ಕೊಯ್ದು ತಾ ಅಂದರು.