ಗೂಡು ತೋರಿಸುವುದಿಲ್ಲ

ಕೊಡಗಿನ ಕಕ್ಕಬ್ಬೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಜೊತೆಗೆ ಮೂರು ರೂಮಿನ ಹೋಂಸ್ಟೇ. ಜನವರಿ ಕಳೆಯಿತೆಂದರೆ ಕ್ಯಾಮೆರಾ ಹೊತ್ತು ಬರುವವರು ಬ್ಯಾಗ್ ಇಳಿಸುವ ಮೊದಲೇ ಕೇಳುತ್ತಾರೆ, "ಮೇಡಂ, ಮಂಗಟ್ಟೆ ಗೂಡು ಎಲ್ಲಿದೆ?" ಮಂಗಟ್ಟೆ ಅಂದರೆ ಹಾರ್ನ್‌ಬಿಲ್ ಹಕ್ಕಿ. ಮೊದಲೆಲ್ಲ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಈಗ ಇಲ್ಲ.

ನಮ್ಮಲ್ಲಿರುವುದು ಮಲಬಾರ್ ಬೂದು ಮಂಗಟ್ಟೆ. ದೊಡ್ಡ ಮಂಗಟ್ಟೆಯ ಹಾಗೆ ಕೊಕ್ಕಿನ ಮೇಲೆ ಟೋಪಿ ಇಲ್ಲ, ಮೈಬಣ್ಣವೂ ಮಂಕು. ಕೂಗು ಮಾತ್ರ ಯಾರೋ ಕುಡಿದು ಗಹಗಹಿಸಿದ ಹಾಗೆ. ಪಶ್ಚಿಮ ಘಟ್ಟ ಬಿಟ್ಟರೆ ಈ ಹಕ್ಕಿ ಇನ್ನೆಲ್ಲೂ ಇಲ್ಲ. 2020ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇದನ್ನು ಅಳಿವಿನ ಭೀತಿ ಇರುವ ಹಕ್ಕಿಗಳ ಸಾಲಿಗೆ ಸೇರಿಸಿತು.

ಇದಕ್ಕೆ ಮರಕುಟಿಗನ ಹಾಗೆ ಮರ ಕೊರೆಯಲು ಬರುವುದಿಲ್ಲ. ಹಳೇ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳು ಬಿಟ್ಟು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ರೆಕ್ಕೆಯ ಗರಿಗಳನ್ನೂ ಒಳಗೇ ಉದುರಿಸುತ್ತದೆ. ಮರಿ ದೊಡ್ಡದಾಗುವವರೆಗೆ, ಸುಮಾರು ಮೂರು ತಿಂಗಳು, ಗಂಡು ತಂದು ಕೊಟ್ಟದ್ದೇ ಊಟ.

ಇಷ್ಟೆಲ್ಲ ಓದಿಕೊಂಡಿದ್ದೂ ಮೊದಲ ವರ್ಷ ಐದು ಜನರನ್ನು ಗೂಡಿನ ಮರದ ಬುಡಕ್ಕೇ ಕರೆದೊಯ್ದೆ. ಗಂಡು ಬಂತು. ಗಂಟಲು ಉಬ್ಬಿತ್ತು, ಹಣ್ಣು ತುಂಬಿಕೊಂಡಿತ್ತು. ನಮ್ಮನ್ನು ನೋಡಿ ದೂರದ ಸಿಲ್ವರ್ ಓಕ್ ಮೇಲೆ ಕೂತಿತು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಒಬ್ಬರು ಫೋನಿನಲ್ಲಿ ಅದರದ್ದೇ ಕೂಗು ಹಾಕಿದರು. ಅದು ಹಾರಿಯೇ ಹೋಯಿತು. ಪೊಟರೆಯ ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ ಮಾತ್ರ ಆಗಾಗ ಕಾಣುತ್ತಿತ್ತು. ಆ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಮಾರನೇ ವರ್ಷದಿಂದ ಜಾಗ ಬದಲಿಸಿದೆ. ಗೂಡಿನ ಬದಲು ಹಣ್ಣು ಬಿಟ್ಟ ಮರ. ಬಸರಿ, ಅತ್ತಿ, ಗೋಣಿ ಒಟ್ಟಿಗೇ ಹಣ್ಣಾಗುವುದಿಲ್ಲ. ಒಂದು ಮುಗಿಯುವಾಗ ಇನ್ನೊಂದು ಶುರು. ಬೆಳಿಗ್ಗೆ ಆರೂವರೆಗೆ ಬಸರಿ ಮರದಿಂದ ಆಚೆ, ಕಾಫಿ ಗಿಡಗಳ ಮರೆಯಲ್ಲಿ ಸ್ಟೂಲ್ ಹಾಕಿ ಕೂರಿಸುತ್ತೇನೆ. ಮಂಗಟ್ಟೆ ಬರುತ್ತದೆ, ಹಸಿರು ಪಾರಿವಾಳ, ಕುಟ್ರುಹಕ್ಕಿಗಳೂ ಬರುತ್ತವೆ. ತಿನ್ನುವ ಹಕ್ಕಿಗೆ ನಮ್ಮ ಕಡೆ ಅಷ್ಟು ಗಮನ ಇಲ್ಲ, ಫೋಟೋನೂ ಚೆನ್ನಾಗಿ ಸಿಗುತ್ತದೆ. ಫ್ಲ್ಯಾಶ್ ಇಲ್ಲ, ಕೂಗು ಹಾಕುವಂತಿಲ್ಲ, ಫೋಟೋ ಹಾಕುವಾಗ ಲೊಕೇಶನ್ ಕೊಡುವಂತಿಲ್ಲ. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇನೆ. ಬಂದ ಮೇಲೆ ಹೇಳಿದರೆ ಜಗಳ.

ಅತಿಥಿಗಳನ್ನು ಒಪ್ಪಿಸುವುದು ಸುಲಭವಾಯಿತು. ಕಷ್ಟ ಆಗಿದ್ದು ಪಕ್ಕದ ತೋಟದ ಅಣ್ಣನನ್ನು. ಗೂಡಿದ್ದ ನೇರಳೆ ಮರ ಅವರದ್ದು. ಅರ್ಧ ಒಣಗಿದೆ, ಕೊಂಬೆ ಬಿದ್ದರೆ ಕಾಫಿ ಗಿಡ ಹಾಳು. ಆ ಜಾಗಕ್ಕೆ ಸಿಲ್ವರ್ ಓಕ್ ನೆಟ್ಟರೆ ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. ಅವರ ಲೆಕ್ಕ ತಪ್ಪಲ್ಲ. ನಾನು ಹಕ್ಕಿಯ ಕಥೆ ಹೇಳಿದೆ, ಅವರು ನಕ್ಕರು. ಅರುಣಾಚಲದ ಪಕ್ಕೆ ಕಾಡಿನ ಕಡೆ ನಿಶಿ ಬುಡಕಟ್ಟಿನ ಜನ ಮಂಗಟ್ಟೆ ಗೂಡು ಕಾಯುತ್ತಾರೆ, ಗೂಡುಗಳನ್ನು ದತ್ತು ತೆಗೆದುಕೊಂಡವರ ಹಣದಿಂದ ಅವರಿಗೆ ಸಂಬಳ ಅಂದೆ. ಆಗ ಸ್ವಲ್ಪ ಕಿವಿ ನೆಟ್ಟಗಾಯಿತು. ಕೊನೆಗೆ ಪ್ರತಿ ಅತಿಥಿಯಿಂದ ಬರುವುದರಲ್ಲಿ ಒಂದು ಪಾಲು ಅವರಿಗೆ ಅಂತ ಮಾತಾಯಿತು. ಅವರು ಅದಕ್ಕೆ ಇಟ್ಟ ಹೆಸರು ಮರದ ಬಾಡಿಗೆ.

ಇನ್ನೊಂದು ಪಾಲು ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಬರುವ ಆಳಿಗೆ. ನನ್ನ ಕೇಳಿದರೆ ಇಡೀ ಕೆಲಸ ನಿಂತಿರುವುದೇ ಅವನ ಮೇಲೆ. ನೆರಳು ತೆಗೆಯುವುದು ಮಳೆಗಾಲ ಹಿಡಿಯುವ ಮೊದಲು, ಪೊಟರೆಯಲ್ಲಿ ಮರಿ ಇರುವುದೂ ಆಗಲೇ. ಮರದ ತುದಿಯವರೆಗೆ ಹತ್ತುವವನಿಗೆ ಕಾಣದ ಪೊಟರೆ ಉಂಟಾ? "ಅಮ್ಮಾ, ನಾಲ್ಕು ಕಡೆ ಇದೆ. ನೀವು ಯಾವತ್ತೂ ಕೇಳಲಿಲ್ಲ" ಅಂದ. ಹತ್ತು ವರ್ಷದಿಂದ ನಮ್ಮಲ್ಲೇ ಕೆಲಸ ಮಾಡುತ್ತಿದ್ದವನು! ಈಗ ಆ ನಾಲ್ಕು ಮರಗಳ ಸುತ್ತಲಿನ ಕಪಾತು ಕೊನೆಗೆ. ಮರಿ ಹೊರಟಿದೆ ಅಂತ ಅವನು ಹೇಳಿದ ಮೇಲೆಯೇ ಕತ್ತಿ. ಒಂದು ವರ್ಷ ಮಳೆ ಬೇಗ ಹಿಡಿದು ಎರಡು ಮರ ಹಾಗೇ ಉಳಿದವು. ಅಲ್ಲಿ ನೆರಳು ಜಾಸ್ತಿಯಾಗಿ ಕೊಳೆರೋಗ ಬಂತು. ನಷ್ಟ ಆಯಿತು, ಸುಳ್ಳು ಹೇಳುವುದಿಲ್ಲ.

ಗೂಡು ತೋರಿಸಲಿಲ್ಲ ಅಂತ ಒಬ್ಬರು ಆನ್‌ಲೈನ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು ಹೋದರು. ಇರಲಿ.

ಕಳೆದ ಏಪ್ರಿಲ್‌ನಲ್ಲಿ ಮನಸ್ಸು ತಡೆಯದೆ ಒಬ್ಬಳೇ ನೇರಳೆ ಮರದ ಕಡೆ ಹೊರಟೆ. ಬೇಲಿ ಹತ್ತಿರವೇ ಅಣ್ಣ ಸಿಕ್ಕರು. ಬೈನಾಕ್ಯುಲರ್ ನೋಡಿದರು.

"ಎಲ್ಲಿಗೆ?"

"ಸುಮ್ನೆ, ಒಂದು ನಿಮಿಷ ನೋಡಿ ಬರುತ್ತೇನೆ ಅಣ್ಣಾ."

"ಈಗಷ್ಟೇ ಗಂಡು ಬಂದು ಕೂತಿದೆ. ನೀನು ಆಮೇಲೆ ಬಾ" ಅಂದು ಗೇಟು ಹಾಕಿಕೊಂಡರು.